ಬಣ್ಣದ ಕಾಲಂನಲ್ಲಿ ಒಂದೇ ಪದ

2025ರ ಜುಲೈ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ಚಿತ್ತಾಪುರದಲ್ಲಿರುವ ನನ್ನ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ, ಅವಳು ಸಾಕಿದ ಬೋವಾ ಹಾವು ಹದಿನಾಲ್ಕು ಮರಿ ಹಾಕಿತು. ಇನ್ನೆರಡು ಸತ್ತೇ ಹುಟ್ಟಿದ್ದವು. ತಾಯಿಯ ಮೈಬಣ್ಣ ಬಿಳಿ ಮತ್ತು ಹಳದಿ. ತಂದೆಯದೂ ಅದೇ. ಮರಿಗಳಲ್ಲಿ ಒಂದೂ ಬಿಳಿ ಇರಲಿಲ್ಲ.

ತಂಗಿಯ ಫೋನ್ ಬಂದಾಗ ನಾನು ಸೇಡಂನಲ್ಲಿ ಕಾಗಿಣಾ ನದಿಯ ಸೇತುವೆಯ ಮೇಲೆ ನಿಂತು ನೀರಿನ ಮಟ್ಟ ಬರೆದುಕೊಳ್ಳುತ್ತಿದ್ದೆ. ನಾನು ಅಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ.

"ಅಣ್ಣಾ, ಹಡದಾಳ," ಎಂದಳು.

"ಎಲ್ಲಾ ಆರಾಮ?"

"ಆರಾಮ ಅದಾವ. ಖರೇ ಒಂದೂ ಬೆಳ್ಳಗಿಲ್ಲ. ಎಲ್ಲಾ ಕಂದು, ಬೆನ್ನ ಮ್ಯಾಲ ಕರೀ ಪಟ್ಟಿ, ಬಾಲ ಕೆಂಪು. ಅಡವ್ಯಾಗಿನ ಬೋವಾ ಹೆಂಗಿರ್ತದ, ಹಂಗ."

"ಹಂಗಿದ್ರ ಏನಾತು?"

"ನಿನಗೇನೂ ಆಗಿಲ್ಲ ಬಿಡು. ಅರಣ್ಯ ಇಲಾಖೆಯವ್ರಿಗೆ ನಾ ಏನ್ ಹೇಳ್ಲಿ?"

ತಂಗಿ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವೈದ್ಯೆಯಾಗಿದ್ದಾಳೆ. ಎಮ್ಮೆಯ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿ ಕರು ತಿರುಗಿಸುವವಳು. ಹಾವು ಸಾಕುವುದು ಅವಳಿಗೆ ಹುಚ್ಚಲ್ಲ, ಅಚ್ಚುಕಟ್ಟಾದ ಅಭ್ಯಾಸ. ಮೂರು ವರ್ಷದ ಹಿಂದೆ ಹೈದರಾಬಾದಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬರು ಈ ಜೋಡಿಯನ್ನು ಅವಳಿಗೆ ಕೊಟ್ಟಿದ್ದರು. ವಿದೇಶದ ಹಾವುಗಳು, ವಿಷವಿಲ್ಲ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಹಾವು ಸಾಕುವ ಬೇರೆ ಊರಿನವರು ಡಬ್ಬಿ ಬೆಚ್ಚಗಿಡಲು ಬಲ್ಬು ಹಚ್ಚುತ್ತಾರಂತೆ. ಚಿತ್ತಾಪುರದ ಮೇ ತಿಂಗಳಲ್ಲಿ ಅವಳು ಕೂಲರ್ ಹಚ್ಚಿ, ಡಬ್ಬಿಗಳನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ಇಳಿಸಿ, ಕಲ್ಲಿಗೆ ನೀರು ಚಿಮುಕಿಸುತ್ತಿದ್ದಳು.

ಇಂಥ ವಿದೇಶಿ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು, ಮರಿ ಹುಟ್ಟಿದರೆ ತಿಳಿಸಬೇಕು ಎಂದು ಈಗ ನಿಯಮವಿದೆ. ಅವಳು ಎರಡನ್ನೂ ನೋಂದಾಯಿಸಿದ್ದಳು. ಆ ಸೋಮವಾರ ಮರಿಗಳ ಮೈ ಒಣಗುವ ಮೊದಲೇ ಫೋಟೊ ತೆಗೆದು, ಜನನದ ಮಾಹಿತಿಯನ್ನೂ ಕಳಿಸಿದಳು. ಅವಳ ಮನೆಗೆ ಅರಣ್ಯಾಧಿಕಾರಿ ಬಂದದ್ದು ಯಾರದೋ ದೂರಿನಿಂದಲ್ಲ, ಅವಳೇ ಕಳಿಸಿದ ಫೋಟೊದಿಂದ.

ಅವರು ಬಂದದ್ದು ಬುಧವಾರ. ನಾನು ಬೆಳಗಿನ ಪ್ಯಾಸೆಂಜರ್ ರೈಲಿಗೆ ಸೇಡಂ ಬಿಟ್ಟು ಅಷ್ಟೊತ್ತಿಗೆ ಅಲ್ಲಿದ್ದೆ. ಅಧಿಕಾರಿಗೆ ಐವತ್ತರ ಆಸುಪಾಸು, ದನಿ ಎತ್ತದ ಮನುಷ್ಯ. ಮೊದಲು ಚಿಂಚೋಳಿ ಕಡೆಯ ಕಾಡಿನಲ್ಲಿದ್ದವರು. ಅಲ್ಲೇ ಚಂದಾಪುರದ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬ ಎರಡು ತಲೆ ಹಾವು ಬಚ್ಚಿಟ್ಟು, ಫಾರಿನ್ ಹಾವು ಎಂದು ಸುಳ್ಳು ಕಾಗದ ತೋರಿಸಿದ್ದನ್ನು ಅವರೇ ಹಿಡಿದಿದ್ದರು. ಅದನ್ನು ಕುಳಿತ ಕೂಡಲೇ ಹೇಳಿದರು.

ಎರಡು ತಲೆ ಹಾವು ಎಂದು ಜನ ಕರೆಯುವುದು ನಮ್ಮ ಹೊಲಗಳ ಮೊಂಡು ಬಾಲದ ಹಾವನ್ನು. ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ತಂಗಿಯ ಮರಿಗಳನ್ನು ನೋಡಿದ ಒಂದು ನಿಮಿಷದಲ್ಲಿ ಇವು ಅದಲ್ಲ ಎಂದು ಅಧಿಕಾರಿ ಒಪ್ಪಿದರು. ಬಾಲ ಚೂಪು, ಬೆನ್ನಿನ ಪಟ್ಟಿ ಸ್ಪಷ್ಟ. ಅವರ ಪ್ರಶ್ನೆ ಬೇರೆ ಇತ್ತು.

"ಇವು ಬೋವಾ ಅಂತ ನಾನೂ ಬರೀತೀನ್ರಿ ಮೇಡಂ. ಆದ್ರ ಇವೆರಡರ ಮರಿ ಅಂತ ಹೆಂಗ್ ಬರೀಲಿ? ಎರಡೂ ಬಿಳಿ. ಬಿಳಿಗೆ ಬಿಳಿ ಹುಟ್ಟಬೇಕು. ಹದಿನಾಲ್ಕರಾಗ ಒಂದಾದ್ರೂ?"

ಅವರ ಅನುಮಾನ ಸರಳವಾಗಿತ್ತು. ಹೊರಗಿನಿಂದ ಕಾಗದವಿಲ್ಲದೆ ಮರಿಗಳನ್ನು ತರಿಸಿ, ಮನೆಯಲ್ಲೇ ಹುಟ್ಟಿದವು ಎಂದು ತೋರಿಸಿ, ಸಕ್ರಮ ಮಾಡಿಕೊಳ್ಳುವ ಹಂಚಿಕೆ ಇದು ಎಂಬುದು. ಅದು ನಿಜವಾದರೆ ಹಾವುಗಳನ್ನೆಲ್ಲ ವಶಪಡಿಸಿಕೊಂಡು ಪ್ರಕರಣ ದಾಖಲಿಸಬೇಕು. ಪ್ರಕರಣ ದಾಖಲಾದರೆ ಸರ್ಕಾರಿ ನೌಕರಳಾದ ತಂಗಿ ಅಮಾನತಾಗುತ್ತಾಳೆ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಗೋಡೆಯ ಮೇಲೆ ತೂಗಿದ್ದ ಅವಳ ಇಲಾಖೆಯ ಗುರುತಿನ ಚೀಟಿಯನ್ನು ಒಮ್ಮೆ ನೋಡಿದರು.

ತಂಗಿ ವಿವರಿಸಿದಳು. ಹಾವಿನ ಮೈಯಲ್ಲಿ ಕಪ್ಪು ಬಣ್ಣ ತಯಾರಾಗಲು ಹಲವು ಹಂತ. ಯಾವುದೋ ಒಂದು ಹಂತ ಕೆಟ್ಟರೂ ಬಣ್ಣ ಬರುವುದಿಲ್ಲ, ಹಾವು ಬಿಳಿ. ಎರಡು ಹಾವಿನಲ್ಲಿ ಕೆಟ್ಟಿರುವುದು ಒಂದೇ ಹಂತವಾದರೆ ಮರಿಗಳೂ ಬಿಳಿ. ಬೇರೆ ಬೇರೆ ಹಂತವಾದರೆ ಹಾಗಾಗುವುದಿಲ್ಲ.

"ಈಗ ನೋಡ್ರಿ ಸರ. ಒಬ್ಬನ ಬೋರ್‌ವೆಲ್ಲಿಂದು ಸ್ಟಾರ್ಟರ್ ಸುಟ್ಟದ, ಕೇಬಲ್ ಛಲೋ ಅದ. ಇನ್ನೊಬ್ಬಂದು ಕೇಬಲ್ ಕಡದದ, ಸ್ಟಾರ್ಟರ್ ಛಲೋ ಅದ. ಎರಡೂ ಹೊಲಕ್ಕ ನೀರಿಲ್ಲ. ಇವನ ಕೇಬಲ್ಲು, ಅವನ ಸ್ಟಾರ್ಟರು ಮಗನ ಕೈಗಿ ಕೊಟ್ರ?"

"ನೀರು ಬರ್ತದ."

"ನಮ್ಮ ಮರಿಗೋಳಿಗೆ ಬಣ್ಣ ಬಂದದ್ದು ಹಂಗ."

ಅಧಿಕಾರಿ ನಕ್ಕರು. "ನಮ್ಮ ಮಾವನ ಹೊಲದಾಗ ಸ್ಟಾರ್ಟರೂ ಸುಟ್ಟದ, ಕೇಬಲ್ಲೂ ಹೋಗ್ಯಾದ. ಅವರಿಗಿ ನಿಮ್ಮ ಕಡಿ ಕಳಸ್ತೀನಿ." ನಂತರ ನೋಂದಣಿ ಅರ್ಜಿಯ ಪ್ರತಿಯನ್ನು ಮೇಜಿನ ಮೇಲೆ ಬಿಡಿಸಿ, ಬಣ್ಣದ ಕಾಲಂನ ಮೇಲೆ ಬೆರಳಿಟ್ಟರು. "ಮಾತು ಛಲೋ ಹೇಳ್ತೀರಿ ಮೇಡಂ. ಆದ್ರ ಇಲ್ಲಿ ಸ್ಟಾರ್ಟರ್ ಇಲ್ಲ, ಕೇಬಲ್ ಇಲ್ಲ. ಎರಡಕ್ಕೂ ಒಂದೇ ಶಬ್ದ ಅದ. ಆಲ್ಬಿನೊ, ಆಲ್ಬಿನೊ. ಬ್ಯಾರೆ ಬ್ಯಾರೆ ತಳಿ ಇದ್ರ ಆವಾಗ್ಯಾಕ ಬರೀಲಿಲ್ಲ?"

ತಂಗಿ ಅರ್ಜಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಅರ್ಜಿ ತುಂಬಿದವನು ನಾನು. ನೋಂದಣಿಯ ಆ ವಾರ ಅವಳು ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹಳ್ಳಿ ತಿರುಗುತ್ತಿದ್ದಳು. ಹೈದರಾಬಾದಿನವರು ಎರಡೂ ಡಬ್ಬಿಗೆ ಕಟ್ಟಿದ್ದ ಕೈಬರಹದ ಚೀಟಿಗಳನ್ನು ನನ್ನ ಮುಂದೆ ಇಟ್ಟು ಹೋಗಿದ್ದಳು. ಎರಡರಲ್ಲೂ ಆಲ್ಬಿನೊ, ಅಂದರೆ ಹುಟ್ಟು ಬಿಳಿ, ಎಂದಿತ್ತು, ಅದರ ಮುಂದೆ ಒಂದೊಂದು ಹೆಸರಿತ್ತು. ಆ ಬಣ್ಣದ ಹಾವನ್ನು ಮೊದಲು ಸಾಕಿ ಬೆಳೆಸಿದವರ ಹೆಸರು ಎಂದು ಗೊತ್ತಾಯಿತು. ಇಪ್ಪತ್ತೆರಡು ವರ್ಷದಿಂದ ಸುದ್ದಿಯಲ್ಲಿ ಅಂಗಡಿ ಹೆಸರು, ಕಂಪನಿ ಹೆಸರು ಕಂಡರೆ ಕೈ ತಾನಾಗಿ ಗೀಟು ಎಳೆಯುತ್ತದೆ. ಪುಕ್ಕಟೆ ಜಾಹೀರಾತು ಬೇಡ ಎಂಬುದು ನಮ್ಮ ಸುದ್ದಿಮನೆಯ ಮೊದಲ ಪಾಠ. ಎರಡೂ ಹೆಸರು ಹೊಡೆದು ಹಾಕಿದೆ. ಆ ಹೆಸರುಗಳೇ ಎರಡು ತಳಿ ಬೇರೆ ಎಂದು ಹೇಳುವ ಏಕೈಕ ಮಾತಾಗಿದ್ದವು. ಕಣ್ಣಿನಿಂದ ನೋಡಿ ಇದು ಆ ತಳಿ, ಇದು ಈ ತಳಿ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಎರಡರ ಕಣ್ಣೂ ಕೆಂಪು, ಎರಡರ ಮೈಯೂ ಬಿಳಿ-ಹಳದಿ. ಕೂಡಿಸಿ, ಮರಿ ಬಂದಾಗ ಮಾತ್ರ ತಿಳಿಯುತ್ತದೆ.

"ಶನಿವಾರ ಬರ್ತೀನಿ," ಎಂದು ಅಧಿಕಾರಿ ಎದ್ದರು. "ಏನರ ದಾಖಲೆ ಇದ್ರ ತಗದಿಡ್ರಿ. ಇಲ್ಲಂದ್ರ ನನ್ನ ಕೈಯಾಗ ಏನಿಲ್ಲ."

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ತಂಗಿ ಕೇಳಿದಳು: "ಆ ಹೆಸರು ಎಲ್ಲಿ ಹೋದ್ವು?"

"ನಾನೇ ತಗದೆ."

"ನಿಮ್ಮ ಪೇಪರಿನವ್ರ ಕತ್ರಿಗಿ ಬೆಂಕಿ ಹಚ್ಚ. ನನ್ನ ನೌಕ್ರಿಗೇ ಹಾಕಿದ್ಯಲ್ಲ ಅಣ್ಣಾ."

ಚೀಟಿಗಳು ಈಗ ಇರಲಿಲ್ಲ. ಹಿಂದಿನ ಮಳೆಗಾಲ ಡಬ್ಬಿ ತೊಳೆದಾಗ ನೆನೆದು ಹೋಗಿದ್ದವು. ಹೈದರಾಬಾದಿನವರ ಹಳೆಯ ನಂಬರ್ ಬಂದ್ ಆಗಿತ್ತು. ಗುರುವಾರ ಇಡೀ ದಿನ ಅವಳು ಆಸ್ಪತ್ರೆಯಿಂದಲೇ ಗುರುತಿನವರ ಮೂಲಕ ಅವರನ್ನು ಹುಡುಕಿಸಿದಳು. ಸಿಗಲಿಲ್ಲ.

ಅವತ್ತೇ ಮಧ್ಯಾಹ್ನ ನಾನು ವಾಡಿಯಲ್ಲಿ ರೈಲು ಬದಲಿಸಿ ಶಹಾಬಾದಿಗೆ ಹೋದೆ. ಅಲ್ಲಿ ಮಾಳಿಗೆಯ ಮೇಲೆ ಪಾರಿವಾಳ ಸಾಕುವ ಒಬ್ಬ ಹಿರಿಯರಿದ್ದಾರೆ. ಕಲ್ಲಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಹಕ್ಕಿಗೆ ಕಾಯಿಲೆಯಾದರೆ ತಂಗಿಗೆ ಫೋನ್ ಮಾಡುತ್ತಾರೆ. ನಾವಿಬ್ಬರೂ ಅವರನ್ನು ಚಾಚಾ ಎನ್ನುತ್ತೇವೆ. ಬಣ್ಣ ಹೇಗೆ ಇಳಿಯುತ್ತದೆ ಎಂದು ಪುಸ್ತಕ ಓದದೆ ಬಲ್ಲವರು ಈ ಭಾಗದಲ್ಲಿ ಪಾರಿವಾಳದವರೇ. ಅಜ್ಜನ ಕಾಲದಿಂದ ಯಾವ ಜೋಡಿಗೆ ಯಾವ ಮರಿ ಎಂದು ಬಾಯಲ್ಲಿ ಹೇಳುತ್ತಾರೆ.

ನನ್ನ ಮಾತು ಮುಗಿಯುವ ತನಕ ಅವರು ಜೋಳ ಚೆಲ್ಲುತ್ತಿದ್ದರು.

"ಎರಡು ಬಿಳಿಗೆ ಕರೀದು ಹುಟ್ಟೂದಿಲ್ಲ ಅಂತ ಯಾರಂದ್ರು?" ಎಂದರು. "ನನ್ನ ಹಳೇ ಬಿಳಿ ಅದ, ನಮ್ಮ ಅಬ್ಬಾನ ಕಾಲದ ತಳಿದು. ವಾಡಿ ಕಡಿಂದ ತಂದ ಇನ್ನೊಂದು ಬಿಳಿ ಅದ. ಎರಡೂ ಹಾಲಿನಂಗ. ಮರಿ ನೋಡು." ಗೂಡಿನ ಪರದೆ ಸರಿಸಿದರು. ಎರಡು ಬಿಳಿ ಹಕ್ಕಿಗಳ ನಡುವೆ ಎರಡು ಮರಿ, ಗರಿ ಮೂಡುವ ವಯಸ್ಸಿನವು. ಒಂದು ಬೂದು, ಒಂದು ಹೆಚ್ಚು ಕಡಿಮೆ ಕಪ್ಪು. "ಮೊದಲ ಸಲ ನಾನೂ ನೋಡಿ, ಹೆಣ್ಣು ಬ್ಯಾರೆ ಮಾಳಿಗಿ ಹತ್ಯಾದ ಅಂತ ಅದಕ್ಕ ಬೈದಿದ್ದೆ. ಪಾಪ. ಆಮ್ಯಾಲ ಎರಡೂ ಒಂದೇ ಪಿಂಜ್ರಾದಾಗ ಬಂದ್ ಮಾಡಿಟ್ಟೆ. ಮತ್ತ ಕರೀದೇ ಹುಟ್ಟಿತು. ಬಿಳಿ ಅಂದ್ರ ಒಂದೇ ಬಿಳಿ ಅಲ್ಲ ಬೇಟಾ."

"ಶನಿವಾರ ಇದನ್ನ ಸಾಹೇಬರ ಮುಂದ ಹೇಳ್ತೀರೇನ್ರಿ ಚಾಚಾ?"

"ಹೇಳೂದ್ಯಾಕ? ತರ್ತೀನಿ."

ಶುಕ್ರವಾರ ಸೇಡಂಗೆ ಮರಳಿ ಟ್ರಂಕ್ ತೆಗೆದೆ. ವರದಿಗಾರಿಕೆಯ ನೋಟ್‌ಬುಕ್‌ಗಳನ್ನು ನಾನು ವರ್ಷವಾರು ಕಟ್ಟಿಡುತ್ತೇನೆ. ಏನನ್ನೇ ಕತ್ತರಿಸುವ ಮೊದಲು ಇದ್ದದ್ದು ಇದ್ದ ಹಾಗೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದೂ ಅಭ್ಯಾಸ. ಮೂರನೇ ಕಟ್ಟಿನಲ್ಲಿ ಸಿಕ್ಕಿತು. ಸಂತೆಯ ತೊಗರಿ ಧಾರಣೆ ಮತ್ತು ಪುರಸಭೆಯ ಒಂದು ಸಭೆಯ ನಡುವಿನ ಪುಟದಲ್ಲಿ ಎರಡೂ ಚೀಟಿಗಳ ಪೂರ್ತಿ ನಕಲು, ಎರಡೂ ಹೆಸರಿನ ಸಮೇತ. ಹೆಸರುಗಳ ಮೇಲೆ ನನ್ನದೇ ಗೀಟು.

ಸಂಜೆ ಚಿತ್ತಾಪುರ ತಲುಪಿದಾಗ ತಂಗಿಯ ಗೇಟಿನ ಬಳಿ ಏಳೆಂಟು ಜನ ನಿಂತಿದ್ದರು. ಓಣಿಯಲ್ಲಿ ಸುದ್ದಿ ಹರಡಿತ್ತು, ಡಾಕ್ಟರಮ್ಮನ ಮನೆಯಲ್ಲಿ ಎರಡು ತಲೆ ಹಾವು ಅದಾವಂತ. ಮೋಟರ್‌ ಸೈಕಲ್ ಮೇಲೆ ಬಂದ ಅಪರಿಚಿತನೊಬ್ಬ ಗೇಟಿಗೆ ಒರಗಿ, ಸಣ್ಣ ದನಿಯಲ್ಲಿ ಕೇಳಿದ:

"ಅಕ್ಕೋರ, ಒಂದೊಂದು ಎಷ್ಟು ತೂಕ ಅದಾವ್ರಿ?"

ಕಳ್ಳ ವ್ಯಾಪಾರದಲ್ಲಿ ಆ ಹಾವನ್ನು ತೂಕದ ಮೇಲೆ ಕೇಳುತ್ತಾರೆ. ಇಂಥವನೊಬ್ಬ ಮನೆ ಬಾಗಿಲಲ್ಲಿ ನಿಂತದ್ದನ್ನು ಯಾರಾದರೂ ಅಧಿಕಾರಿಗೆ ಹೇಳಿದರೆ ಶನಿವಾರಕ್ಕೆ ಕಾಯುವ ಅಗತ್ಯವೂ ಇರುತ್ತಿರಲಿಲ್ಲ. ತಂಗಿ ಇಡೀ ಓಣಿಗೆ ಕೇಳುವಂತೆ ಕೂಗಿದಳು.

"ಇಲ್ಲಿ ಏನೂ ಮಾರೂದಿಲ್ಲ! ಮಾರೂದಿದ್ರ ಮೊದಲ ನಿನ್ನನ್ನೇ ತೂಕಕ್ಕ ಹಾಕ್ತೀನಿ, ಬಾ ಒಳಗ!"

ಜನ ನಕ್ಕರು. ಅವನು ಗಾಡಿ ತಿರುಗಿಸಿದ. ನಾನು ಗಾಡಿಯ ನಂಬರ್ ಬರೆದುಕೊಂಡೆ. ಒಳಗೆ ಬಂದ ಮೇಲೆ ತಂಗಿ ತನ್ನ ಫೋನ್ ತೆಗೆದಳು. ಆ ನಂಬರನ್ನು ಅವಳ ಫೋನಿನಿಂದಲೇ ಅಧಿಕಾರಿಗೆ ಕಳಿಸಿದೆವು. ಉತ್ತರ ಬರಲಿಲ್ಲ.

ಶನಿವಾರ ಹತ್ತಕ್ಕೆ ಬರಬೇಕಿದ್ದ ಜೀಪು ಹನ್ನೆರಡೂಕಾಲಿಗೆ ಬಂತು. ಹಿಂದೆ ಇನ್ನೊಂದು ಗಾಡಿ. ಅದರಲ್ಲಿ ಇಬ್ಬರು ಗಾರ್ಡುಗಳು, ಪಂಚನಾಮೆಗೆ ಸಾಕ್ಷಿಯಾಗಿ ಇಬ್ಬರು ಪಂಚರು, ಮತ್ತು ಗಾಳಿಗೆ ತೂತು ಕೊರೆದ ನಾಲ್ಕು ಮರದ ಪೆಟ್ಟಿಗೆ. ಪೆಟ್ಟಿಗೆಗಳನ್ನು ಅಂಗಳದಲ್ಲಿ ಇಳಿಸಿದರು. ತಂಗಿ ಅವುಗಳನ್ನು ಎಣಿಸುವುದನ್ನು ಕಂಡೆ.

ಅಧಿಕಾರಿ ಮೊದಲು ಮರಿಗಳನ್ನು ನೋಡಿದರು. ತಂಗಿ ಒಂದೊಂದನ್ನೇ ಎತ್ತಿ ಹೊಟ್ಟೆಯ ಕಡೆ ತಿರುಗಿಸಿದಳು. ಹೊಕ್ಕುಳಿನ ಜಾಗದಲ್ಲಿ ಪ್ರತಿಯೊಂದಕ್ಕೂ ಸಣ್ಣ ಸೀಳು ಇತ್ತು, ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಹುಟ್ಟಿದ ಕೆಲವು ದಿನ ಮಾತ್ರ ಅದು ಹಾಗಿರುತ್ತದೆ. ಅಧಿಕಾರಿ ತಮ್ಮ ಫೋನಿನ ಬೆಳಕು ಬಿಟ್ಟು ಹದಿನಾಲ್ಕನ್ನೂ ನೋಡಿದರು. ಹದಿನಾಲ್ಕೂ ಒಂದೇ ವಾರದವು. ಆಮೇಲೆ ಅವಳು ಫಾರ್ಮಲಿನ್‌ನಲ್ಲಿ ಇಟ್ಟಿದ್ದ ಸತ್ತ ಎರಡು ಮರಿಗಳನ್ನು ತಂದಳು. ತಾಯಿಯನ್ನು ತಿಂಗಳು ತಿಂಗಳು ತೂಗಿ ಬರೆದ ಪುಸ್ತಕ ತೋರಿಸಿದಳು. ತೂಕ ಫೆಬ್ರವರಿಯಿಂದ ಏರಿತ್ತು, ಆ ಸೋಮವಾರ ಇಳಿದಿತ್ತು.

"ತಾಯಿ ಇದೇ ಅಂತ ನಂಬಬಹುದು," ಎಂದರು. "ತಂದಿ? ಹೊರಗಿನ ಗಂಡು ತಂದು ಕೂಡಿಸಿಲ್ಲ ಅಂತ ಏನದ?"

ನಾನು ನೋಟ್‌ಬುಕ್ ಮುಂದಿಟ್ಟೆ. ಅವರು ಆ ಪುಟವನ್ನು ಎರಡು ಸಲ ಓದಿದರು, ಹಿಂದಿನ ಮುಂದಿನ ಪುಟಗಳನ್ನೂ ಓದಿದರು. ತೊಗರಿ ಧಾರಣೆಯನ್ನೂ ಬಿಡಲಿಲ್ಲ.

"ನಿಮ್ಮ ತಂಗಿ, ನಿಮ್ಮ ಬುಕ್ಕು, ನಿಮ್ಮ ಅಕ್ಷರ," ಎಂದರು. "ನೀವೇ ಹೇಳ್ರಿ ಸರ. ಇಷ್ಟ ಇಟ್ಕೊಂಡು ಬ್ಯಾರೆಯವ್ರ ಸುದ್ದಿ ನೀವಾದ್ರ ಛಾಪಸ್ತೀರೇನು?"

"ಇಲ್ಲ," ಎಂದೆ.

ತಂಗಿ ನನ್ನತ್ತ ತಿರುಗಿದಳು. ಗಾರ್ಡ್ ಒಬ್ಬ ಪೆಟ್ಟಿಗೆಯ ಮುಚ್ಚಳ ತೆಗೆದು ಗೋಡೆಗೆ ಆನಿಸಿದ.

ಅಂಗಳದ ಬೇವಿನ ಬುಡದಲ್ಲಿ ಬೆಳಗಿನಿಂದ ಕುಳಿತಿದ್ದ ಚಾಚಾ ಆಗ ಬುಟ್ಟಿ ಹಿಡಿದು ಒಳಗೆ ಬಂದರು. ಬಟ್ಟೆ ಸರಿಸಿ ತೋರಿಸಿದರು. ಎರಡು ಬಿಳಿ ಹಕ್ಕಿ, ಒಂದು ಬೂದು ಮರಿ, ಒಂದು ಕಪ್ಪು ಮರಿ.

"ಇವರ್ಯಾರು?" ಎಂದರು ಅಧಿಕಾರಿ.

"ಶಹಾಬಾದಿನಾಂವ ಸಾಬ್. ಐವತ್ತು ವರ್ಷ ಆತು ಕಬೂತರ್ ಸಾಕ್ಲಿಕತ್ತು."

"ಚಾಚಾ, ಹಾವಿನ ಕೇಸಿಗೆ ಕಬೂತರ್ ಸಾಕ್ಷಿ ಆಗೂದಿಲ್ಲ."

"ಸಾಕ್ಷಿ ಅಂತ ನಾನೆಲ್ಲಿ ಅಂದೆ? ಬಿಳಿಗೆ ಬಿಳೀನೇ ಹುಟ್ಟಬೇಕು ಅಂತ ನೀವು ಅಂದ್ರಂತ. ಆ ಮಾತು ಸುಳ್ಳದ. ಅಷ್ಟ ಹೇಳ್ಲಿಕ್ಕ ಬಂದೀನಿ. ಇವು ಎರಡೂ ಬಂದ್ ಪಿಂಜ್ರಾದಾಗ ಇದ್ವು. ಬೇಕಾದ್ರ ಜೋಡಿ ಒಯ್ರಿ, ನಿಮ್ಮ ಆಫೀಸಿನಾಗ ಬೀಗ ಹಾಕಿ ಇಟ್ಕೋರಿ. ಮರಿ ಬಂದಾಗ ನೋಡ್ರಿ. ಜೋಳ ಮಾತ್ರ ಛಲೋದು ಹಾಕ್ರಿ, ರೇಷನ್ನಿಂದು ತಿನ್ನಂಗಿಲ್ಲ."

ಪಂಚರಲ್ಲಿ ಒಬ್ಬ ನಕ್ಕು, ಅಧಿಕಾರಿಯ ಮುಖ ನೋಡಿ ನಿಲ್ಲಿಸಿದ. ಅಧಿಕಾರಿ ಬಗ್ಗಿ ಕಪ್ಪು ಮರಿಯ ರೆಕ್ಕೆಯನ್ನು ಒಂದು ಬೆರಳಿನಿಂದ ಬಿಡಿಸಿ ನೋಡಿದರು. ಗರಿಯ ಬುಡದ ತನಕ ಕಪ್ಪಿತ್ತು. ಬಣ್ಣ ಬಳಿದಿರಲಿಲ್ಲ. ಕುರ್ಚಿಯಲ್ಲಿ ಕುಳಿತು ತಂಗಿಯ ತೂಕದ ಪುಸ್ತಕವನ್ನು ಮತ್ತೆ ತಿರುವಿ ಹಾಕಿದರು. ಹೊರಗೆ ಪೆಟ್ಟಿಗೆಗಳ ಬಳಿ ಗಾರ್ಡುಗಳು ನಿಂತೇ ಇದ್ದರು.

"ಮೇಡಂ," ಎಂದರು ಕೊನೆಗೆ, "ಡಿಎನ್‌ಎ ಪರೀಕ್ಷಾ ಮಾಡಸ್ತೀನಿ. ದೊಡ್ಡ ಹಾವು ಪೊರಿ ಬಿಟ್ಟಿದ್ದು ಇಟ್ಟೀರೇನು? ಎರಡರದ್ದೂ?"

ಇಟ್ಟಿದ್ದಳು. ಗಂಡಿನದೂ ಹೆಣ್ಣಿನದೂ ಇತ್ತು. ಆದರೆ ಎರಡನ್ನೂ ಒಂದೇ ಕವರಿನಲ್ಲಿ ಹಾಕಿದ್ದಳು, ದಿನಾಂಕ ಬರೆದಿರಲಿಲ್ಲ. ಅಧಿಕಾರಿ ಕವರನ್ನು ತೆಗೆದುಕೊಳ್ಳಲಿಲ್ಲ. ತಮ್ಮ ಎದುರಿಗೇ ಎರಡೂ ದೊಡ್ಡ ಹಾವುಗಳಿಂದ ಮಾದರಿ ತೆಗೆಸಿದರು. ಆ ಕೆಲಸಕ್ಕೆ ತಂಗಿಯ ಆಸ್ಪತ್ರೆಯ ಬೇರೊಬ್ಬ ವೈದ್ಯರನ್ನು ಕರೆಸಿದರು, ತಂಗಿಗೆ ಮುಟ್ಟಲು ಬಿಡಲಿಲ್ಲ. ಸತ್ತ ಎರಡು ಮರಿಗಳು ಫಾರ್ಮಲಿನ್‌ನಲ್ಲಿದ್ದುದರಿಂದ ಕೆಲಸಕ್ಕೆ ಬರಲಾರವು ಎಂದು ಆ ವೈದ್ಯರೇ ಹೇಳಿದರು. ಹಾಗಾಗಿ ಜೀವಂತ ಮರಿಗಳಿಂದಲೂ ಮಾದರಿ ತೆಗೆದರು. ಎಲ್ಲವನ್ನೂ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುವುದು, ವರದಿ ಬರುವ ತನಕ ಹಾವುಗಳನ್ನು ಮನೆಯಿಂದ ಕದಲಿಸಬಾರದು, ಗಂಡು ಹೆಣ್ಣು ಬೇರೆ ಇರಬೇಕು ಎಂದು ಪಂಚನಾಮೆಯಲ್ಲಿ ಬರೆದರು.

"ಮತ್ತ ನೀವು ಸರ," ಎಂದು ನನಗೆ ಒಂದು ಬಿಳಿ ಹಾಳೆ ಕೊಟ್ಟರು. "ಆ ಹೆಸರು ಯಾಕ ಬಿಟ್ಟಿದ್ರಿ ಅಂತ ಬರೀರಿ. ವರದಿ ಉಲ್ಟಾ ಬಂದ್ರ ಇದು ನಿಮ್ಮ ಮ್ಯಾಲೂ ಬರ್ತದ. ತಿಳಕೊಂಡ್ ಬರೀರಿ."

ಮೂರು ವಾಕ್ಯ ಬರೆದೆ. ಅರ್ಜಿ ತುಂಬಿದವನು ನಾನು. ಎರಡೂ ತಳಿಯ ಹೆಸರುಗಳನ್ನು ಅನಗತ್ಯವೆಂದು ತಿಳಿದು ಬಿಟ್ಟವನು ನಾನು. ಬಿಟ್ಟದ್ದು ಅರ್ಜಿದಾರಳಿಗೆ ಗೊತ್ತಿರಲಿಲ್ಲ. ಸಹಿ ಹಾಕಿ ದಿನಾಂಕ ಬರೆದೆ. ಪೆಟ್ಟಿಗೆಗಳು ಖಾಲಿಯಾಗಿಯೇ ಗಾಡಿ ಹತ್ತಿದವು.

ಸಂಜೆ ಚಾಚಾರನ್ನು ಸ್ಟೇಷನ್ನಿಗೆ ಬಿಡಲು ಹೋದೆ. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. "ಇಲ್ಲ ಅಂದ್ಯಲ್ಲ ಬೇಟಾ, ಆವಾಗ ನಿನ್ನ ತಂಗಿ ನಿನಗ ಹೊಡೀತಾಳ ಅಂತ ಮಾಡಿದ್ದೆ," ಎಂದರು.

ಆಮೇಲೆ ನಾಲ್ಕು ತಿಂಗಳು. ತಂಗಿ ದಿನವೂ ಆಸ್ಪತ್ರೆಗೆ ಹೋದಳು. ಟಪಾಲು ಬಂದ ಸದ್ದಾದರೆ ಸಿರಿಂಜ್ ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು ಎಂದು ಅವಳ ಜೊತೆಯವರು ಹೇಳಿದರು. ಆಗಸ್ಟ್‌ನಲ್ಲಿ ಒಂದು ಮರಿ ಸತ್ತಿತು. ಅದೇ ದಿನ ಫೋಟೊ ಸಮೇತ ತಿಳಿಸಿದಳು. ನನ್ನೊಂದಿಗೆ ಮಾತು ಬಿಟ್ಟಿರಲಿಲ್ಲ, ಆದರೆ ಯಾವುದೇ ಅರ್ಜಿ ತುಂಬಲು ನನಗೆ ಕೊಡುತ್ತಿರಲಿಲ್ಲ. ರೇಷನ್ ಕಾರ್ಡಿನ ತಿದ್ದುಪಡಿಯನ್ನೂ ತಾನೇ ತುಂಬಿದಳು.

ನವೆಂಬರ್ ಮೂರನೇ ವಾರ ಅಧಿಕಾರಿಯ ಪತ್ರ ಬಂತು. ಪರೀಕ್ಷಿಸಿದ ಮರಿಗಳ ತಾಯಿ ಮತ್ತು ತಂದೆ ನೋಂದಾಯಿತ ಜೋಡಿಯೇ ಎಂದು ಪ್ರಯೋಗಾಲಯ ಹೇಳಿದೆ. ಪ್ರಕರಣ ದಾಖಲಿಸಿಲ್ಲ. ನೋಂದಣಿಯ ಬಣ್ಣದ ಕಾಲಂ ತಿದ್ದಲು ಅನುಮತಿ ಇದೆ. ತಂಗಿ ಅದನ್ನು ತಿದ್ದಿದ್ದಾಳೆ. ಈಗ ಆಲ್ಬಿನೊ ಎಂಬುದರ ಮುಂದೆ ಎರಡೂ ಕಡೆ ಒಂದೊಂದು ಹೆಸರಿದೆ.

ಗಂಡು ಈಗಲೂ ಬೇರೆ ಕೋಣೆಯಲ್ಲಿದೆ. ಹೆಣ್ಣು ನಿನ್ನೆ ಪೊರೆ ಬಿಟ್ಟಿತು. ತಂಗಿ ಅದನ್ನು ಒಣಗಿಸಿ, ಬೇರೆ ಕವರಿನಲ್ಲಿ ಹಾಕಿ, ಮೇಲೆ ದಿನಾಂಕ ಬರೆದಿದ್ದಾಳೆ.